ನಾಲ್ಕು ಹೆಗಲು

ಮಾರ್ಕೆಟ್ಟಿಗೆ ಹೋಗುವ ದಿನ ಅಲುಮಿತಾ ನೀರು ಕುಡಿಯುತ್ತಿರಲಿಲ್ಲ.

ಬಾಯಾರಿಕೆ ಇಲ್ಲವೆಂದಲ್ಲ. ಸಕ್ಕರೆ ಕಾಯಿಲೆಯವಳಿಗೆ ಬಾಯಾರಿಕೆ ಬಿಡದ ಶನಿ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ತುಟಿ ಸಿಪ್ಪೆ ಏಳುತ್ತಿತ್ತು. ಆಸ್ಪತ್ರೆಯ ನರ್ಸು ಹೋದಾಗಲೆಲ್ಲ ಬೈಯುತ್ತಿದ್ದಳು: "ನೀರು ಕುಡೀರಿ. ಇಲ್ಲದಿದ್ರೆ ಕಾಲು ಹೋದ ಹಾಗೆ ಕಿಡ್ನಿನೂ ಹೋಗುತ್ತೆ." ಅಲುಮಿತಾ ಹೂಂ ಎಂದು ಬರುತ್ತಿದ್ದಳು. ನಸೀಲಿ ಪೇಟೆಯ ಮಾರ್ಕೆಟ್ಟಿನಲ್ಲಿ ಹೆಂಗಸರ ಪಾಯಿಖಾನೆಗೆ ಮೆಟ್ಟಿಲುಗಳಿವೆ, ಮೆಟ್ಟಿಲು ದಾಟಿದರೂ ಬಾಗಿಲು ಗಾಲಿಕುರ್ಚಿಗಿಂತ ಕಿರಿದು ಎಂದು ನರ್ಸಿಗೆ ಹೇಳಿ ಏನು ಪ್ರಯೋಜನ? ನೀರು ಕುಡಿಯದಿದ್ದರೆ ಉಚ್ಚೆ ಬರುವುದಿಲ್ಲ. ಲೆಕ್ಕ ಅಷ್ಟೇ.

ಅವಳು ಹೊಳೆಯ ತಳದಲ್ಲಿ ಸಿಗುವ ತಿನ್ನುವ ಚಿಪ್ಪು, ಮರುವಾಯಿ, ಮಾರುತ್ತಿದ್ದಳು. ಕಾಲು ಇದ್ದಾಗ ತಾನೇ ಮುಳುಗಿ ತೆಗೆಯುತ್ತಿದ್ದಳು. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ತೇಲುವ ಬುಟ್ಟಿ, ಕಣ್ಣಿಗೆ ಗಾಜಿನ ಕನ್ನಡಕ. ಉಸಿರು ಕಟ್ಟಿ ಮುಳುಗುವುದು, ತಳದ ಕೆಸರಿನಲ್ಲಿ ಬೆರಳು ಆಡಿಸುವುದು, ಚಿಪ್ಪು ಸಿಕ್ಕರೆ ಕೀಳುವುದು, ಮೇಲೆ ಬಂದು ಬುಟ್ಟಿಗೆ ಹಾಕುವುದು. ಬೆಳಗಿನಿಂದ ಬಿಸಿಲು ಇಳಿಯುವವರೆಗೆ ಅದೇ. ಕಿವಿ ಗುಂಯ್ ಎನ್ನುತ್ತಿತ್ತು. ಅಂಗೈ ಚರ್ಮ ಬೆಳ್ಳಗೆ ಉಬ್ಬಿ ಸುಲಿಯುತ್ತಿತ್ತು. ಒಂದು ದಿನ ತಳದಲ್ಲಿದ್ದ ಬಿಯರ್ ಬಾಟಲಿಯ ಚೂರು ಬಲಗಾಲಿಗೆ ಚುಚ್ಚಿತು. ನೋವು ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ಪಾದವನ್ನು ಮೊದಲೇ ಕೊಂದು ಹಾಕಿತ್ತು. ಗೊತ್ತಾದದ್ದು ವಾಸನೆ ಬಂದಾಗ. ಮೊದಲು ಬೆರಳು ಕತ್ತರಿಸಿದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಮೇಲಕ್ಕೆ. ಎಡಗಾಲು ಸ್ವಲ್ಪ ಕಾಲ ಜೊತೆ ಕೊಟ್ಟಿತು. ಆಮೇಲೆ ಅದೂ ಅದೇ ದಾರಿ ಹಿಡಿಯಿತು.

ಫಿಜಿಯಲ್ಲಿ ಅಂಥವಳು ಅವಳೊಬ್ಬಳೇ ಅಲ್ಲ. ಬಿಳಿ ಅಕ್ಕಿ, ಡಬ್ಬಿ ಮಾಂಸ, ಸಕ್ಕರೆ ಸುರಿದ ಚಹಾ ತಿಂದು ಕುಡಿದು ಕಾಲು ಕಳಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಬೀದಿಯಲ್ಲಿ ಕಾಣುವುದಿಲ್ಲ. ಮನೆಯೊಳಗೆ ಚಾಪೆಯ ಮೇಲೆ ಕೂತಿದ್ದಾರೆ. ಹೊರಗೆ ಬಂದವಳು ಅಲುಮಿತಾ. ಮುಳುಗುವ ಹೆಂಗಸರಿಂದ ಮರುವಾಯಿ ಕೊಂಡು, ರಾಶಿ ಹಾಕಿ, ಹಳೆಯ ತಗಡಿನ ಚಪ್ಪರದಡಿ ಮಾರುತ್ತಿದ್ದಳು.

ಪಕ್ಕದಲ್ಲಿ ರಾಮರತಿ ಬದನೆ, ಬೆಂಡೆ ಹಾಕಿಕೊಂಡು ಕೂರುತ್ತಿದ್ದಳು. ಹಿಂದೆ ಭಾರತದಿಂದ ಕಬ್ಬಿನ ಗದ್ದೆಗೆ ಬಂದವರ ಮೊಮ್ಮಗಳು. ಬಾಯಿ ದೊಡ್ಡದು, ಮೊಣಕಾಲು ಹಾಳು. ಅವಳಿಗೆ ಅಲುಮಿತಾ "ಬಹಿನಿ," ಅಂದರೆ ತಂಗಿ. ಅಲುಮಿತಾಗೆ ಅವಳು "ರಾಮು." ಇಬ್ಬರೂ ದಿನವಿಡೀ ಬೈದಾಡಿಕೊಳ್ಳುತ್ತ ಕೂರುತ್ತಿದ್ದರು.

ಆ ವರ್ಷ ಪುರಸಭೆ ಹೊಸ ಮಾರ್ಕೆಟ್ಟು ಕಟ್ಟಿಸಿತ್ತು. ಎರಡು ಅಂತಸ್ತು. ಕೆಳಗೆ ಗಾಜಿನ ಬಾಗಿಲಿನ ಅಂಗಡಿಗಳು. ರಾಶಿ ಹಾಕಿ ಮಾರುವ ಹೆಂಗಸರಿಗೆ ಜಾಗ ಮೇಲೆ. ಮೇಲೆ ಹೋಗಲು ಅಗಲವಾದ, ಹೊಳೆಯುವ ಟೈಲ್ಸಿನ ಮೆಟ್ಟಿಲು. ಬೇರೆ ದಾರಿಯಿಲ್ಲ. ಚುನಾವಣೆ ಮುಗಿದ ಸೋಮವಾರ ಚಪ್ಪರ ಕೀಳುತ್ತೇವೆ, ಎಲ್ಲರೂ ಮೇಲೆ ಹೋಗಬೇಕು ಎಂದು ಪುರಸಭೆ ಡಂಗುರ ಹೊಡೆಸಿತ್ತು.

ಪುರಸಭೆಯ ಆ ಚುನಾವಣೆಗೆ ನಿಂತವರಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ಇಸಿಕೇಲಿ. ಒಂದು ಕಾಲಕ್ಕೆ ದೇಶಕ್ಕಾಗಿ ರಗ್ಬಿ ಆಡಿದವನು. ಬಾಗಿಲು ತುಂಬುವ ಮೈ, ಮಗುವಿನಂಥ ನಗು. ಅಲುಮಿತಾಳ ಚಿಕ್ಕಪ್ಪನ ಮೊಮ್ಮಗ. ಅವಳನ್ನು "ನೇಯ್" ಎಂದು ಕರೆಯುತ್ತಿದ್ದ. ತಂದೆಯ ಅಕ್ಕತಂಗಿಯರನ್ನು ಕರೆಯುವುದು ಹಾಗೆ. ಸೋದರತ್ತೆ ಎಂದರೆ ಅಲ್ಲಿ ದೊಡ್ಡ ಮರ್ಯಾದೆ.

ಶಾಲೆಯ ಸಭಾಂಗಣದಲ್ಲಿ ಎಲ್ಲ ಅಭ್ಯರ್ಥಿಗಳನ್ನೂ ಕೂರಿಸಿ ಪ್ರಶ್ನೆ ಕೇಳಿದ್ದರು. ಅಂಗವಿಕಲರ ಸಂಘದಿಂದ ಒಬ್ಬ ಕುರುಡ ಮೇಷ್ಟ್ರು ಎದ್ದು, "ಹೊಸ ಮಾರ್ಕೆಟ್ಟಿಗೆ ರ‍್ಯಾಂಪ್ ಯಾಕಿಲ್ಲ? ನೀವು ಗೆದ್ರೆ ಹಾಕಿಸ್ತೀರಾ?" ಎಂದು ಕೇಳಿದ. ಉಳಿದವರು ನೋಡೋಣ, ಮಾಡೋಣ ಎಂದರು. ಇಸಿಕೇಲಿ ಎದ್ದು ನಿಂತ.

"ರ‍್ಯಾಂಪು, ಹಕ್ಕು, ಕಾನೂನು ಇವೆಲ್ಲ ಪ್ರೀತಿ ಇಲ್ಲದ ದೇಶದವ್ರಿಗೆ ಬೇಕು ಮೇಷ್ಟ್ರೇ. ಅಲ್ಲಿ ಅಪ್ಪ ಅಮ್ಮನ್ನೂ ದುಡ್ಡು ಕೊಟ್ಟು ನೋಡ್ಕೋತಾರೆ. ನಮ್ಮಲ್ಲಿ ಹಾಗಲ್ಲ. ನಮ್ಮವ್ರನ್ನ ನಾವೇ ಹೊರ್ತೀವಿ. ನಸೀಲಿಗೆ ಸಿಮೆಂಟ್ ಬೇಡ. ನಸೀಲಿಗೆ ಹೆಗಲು ಇದೆ!"

ತನ್ನ ಹೆಗಲು ತಟ್ಟಿಕೊಂಡ. ಸಭೆ ಚಪ್ಪಾಳೆ ಹೊಡೆಯಿತು. ಹಲವರು ತಿರುಗಿ ಅಲುಮಿತಾಳನ್ನು ನೋಡಿ ನಕ್ಕರು, ಅವಳಿಗೇನೋ ಉಡುಗೊರೆ ಸಿಕ್ಕ ಹಾಗೆ. ಅವಳೂ ನಕ್ಕಳು. ನಗದೆ ಏನು ಮಾಡುವುದು? ಮನೆಗೆ ಬಂದ ಮೇಲೂ ಆ ನಗು ಮುಖದಲ್ಲಿ ಸಿಕ್ಕಿಕೊಂಡ ಹಾಗಿತ್ತು.

ಮಾರನೆಯ ವಾರ ಇಸಿಕೇಲಿ ಅವಳ ರಾಶಿಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

"ನೇಯ್, ಶನಿವಾರ ಹೊಸ ಮಾರ್ಕೆಟ್ಟಿನ ಮೇಲೆ ನಮ್ಮ ದೊಡ್ಡ ಸಭೆ. ವೇದಿಕೆ ಮೇಲೆ ನೀವೇ ಮೊದಲು ಕೂರ್ಬೇಕು. ನಾಲ್ಕು ಜನ ಹುಡುಗ್ರು ಬರ್ತಾರೆ, ಹೂವಿನ ಹಾಗೆ ಎತ್ತಿಕೊಂಡು ಹೋಗ್ತಾರೆ."

"ನನ್ನನ್ನ ಕೇಳಿದ್ಯಾ?"

"ಈಗ ಕೇಳ್ತಿದೀನಲ್ಲ."

"ಕೇಳ್ತಿಲ್ಲ, ಹೇಳ್ತಿದೀಯ."

ಇಸಿಕೇಲಿ ಗಟ್ಟಿಯಾಗಿ ನಕ್ಕ. "ಫಿಲಿಮೋನಿ ದೊಡ್ಡಪ್ಪ ಒಪ್ಪಿ ಆಗಿದೆ ನೇಯ್."

ಫಿಲಿಮೋನಿ ಅವಳ ಅಣ್ಣ. ಮನೆತನದ ಹಿರಿಯ. ಅಲುಮಿತಾ ಇದ್ದದ್ದು ಅವನ ಮನೆಯ ಹಿಂದಿನ ಕೋಣೆಯಲ್ಲಿ. ಅವನು ಒಪ್ಪಿದ ಮೇಲೆ ಮಾತಿಲ್ಲ.

ಇಸಿಕೇಲಿ ಹೋದ ಮೇಲೆ ರಾಮರತಿ ಬದನೆಗೆ ನೀರು ಚಿಮುಕಿಸುತ್ತ ಹೇಳಿದಳು: "ಹೊರೋಕೆ ನಾಲ್ಕು ಜನ. ನಮ್ಮಲ್ಲಿ ಅವ್ರು ಬರೋದು ಸತ್ತ ಮೇಲೆ. ನೀನು ಪುಣ್ಯವಂತೆ ಕಣೇ ಬಹಿನಿ, ಇರುವಾಗ್ಲೇ ಬಂದ್ರು."

"ಬಾಯಿ ಮುಚ್ಚು ರಾಮು."

"ನಾನು ಮುಚ್ತೀನಿ. ನೀನೂ ಮುಚ್ಕೊಂಡೇ ಇರ್ತೀಯಲ್ಲ, ಅದೇ ನೋಡು ತಾಪತ್ರಯ."

ಶನಿವಾರ ನಾಲ್ವರು ಬಂದರು. ಎಲ್ಲರ ಅಂಗಿಯ ಮೇಲೂ ಇಸಿಕೇಲಿಯ ಮುಖ. ಚರ್ಚಿಗೆ ಹಾಕುವ ಉದ್ದನೆಯ ಹೂವಿನ ಅಂಗಿ ತೊಟ್ಟು ಅಲುಮಿತಾ ಗಾಲಿಕುರ್ಚಿಯಲ್ಲಿ ಮೆಟ್ಟಿಲ ಬುಡದವರೆಗೆ ಬಂದಳು.

"ಗಾಡಿ ಸಮೇತ ಎತ್ರಪ್ಪ," ಅಂದಳು.

"ಗಾಡಿ ಬೇಡ ನೇಯ್," ಅಂದ ಒಬ್ಬ. "ಫೋಟೋದಲ್ಲಿ ಅಡ್ಡ ಬರುತ್ತೆ."

ಅವಳು ಮತ್ತೊಂದು ಮಾತು ಆಡುವುದರೊಳಗೆ ಕೈಗಳು ಬಂದವು. ಎರಡು ಕಂಕುಳಿಗೆ. ಎರಡು ಬೆನ್ನಿಗೆ. ಉಳಿದವು ತೊಡೆಯ ಮೊಂಡಿನ ಕೆಳಗೆ. ಗಂಡಿನ ಕೈ ಅಲ್ಲಿ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಒಬ್ಬನ ಹೆಬ್ಬೆರಳು ಕತ್ತರಿಸಿದ ಗಂಟಿನ ಮೇಲೆ ಒತ್ತಿತು. ಕಣ್ಣು ಕತ್ತಲಿಟ್ಟಿತು. ಅಂಗಿ ಮೇಲೆ ಸರಿಯಿತು. ಎಳೆದುಕೊಳ್ಳೋಣವೆಂದರೆ ಬೀಳದ ಹಾಗೆ ಅವರ ಕುತ್ತಿಗೆ ಹಿಡಿದುಕೊಂಡಿದ್ದ ಕೈ ಬಿಡುವಂತಿರಲಿಲ್ಲ. ಊರೆಲ್ಲ ಅವಳ ಮೊಂಡು ಕಾಲುಗಳನ್ನು ನೋಡಿತು.

"ನಗಿ ನೇಯ್!" ಎಂದು ಕ್ಯಾಮರಾದವನು ಕೂಗಿದ.

ಮೇಲೆ ವೇದಿಕೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಇಟ್ಟರು. ಕೂರಿಸಲಿಲ್ಲ. ಇಟ್ಟರು. ಕೊರಳಿಗೆ ಹೂಮಾಲೆ ಬಿತ್ತು. ಕೈಗೆ ಎಳನೀರು ಬಂತು. ಪಾದ್ರಿ ಪ್ರಾರ್ಥನೆ ಹೇಳಿ, "ನಮ್ಮ ತಾಯಿ ಕುಡಿಯಲಿ," ಎಂದ. ಎಲ್ಲರೂ ನೋಡುತ್ತಿದ್ದರು. ಮರ್ಯಾದೆ ಮಾಡಿ ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ. ಅಲುಮಿತಾ ಕುಡಿದಳು.

ಹೊತ್ತಿದ್ದ ನಾಲ್ವರೂ ಕೆಳಗೆ ನೆಲದೊಲೆಯಿಂದ ಹಂದಿ ಮಾಂಸ ತೆಗೆಯುವ ಕಡೆ ಹೋದರು.

ಭಾಷಣ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು. ಹೊಟ್ಟೆಯ ಕೆಳಗೆ ಒತ್ತಡ ಶುರುವಾದದ್ದು ಅಲುಮಿತಾಗೆ ಗೊತ್ತಾಯಿತು. ಮೊದಲು ಭಾರ. ಆಮೇಲೆ ಚುಚ್ಚು. ಪಕ್ಕದಲ್ಲಿ ನಿಂತಿದ್ದ ಕಾರ್ಯಕರ್ತನ ಅಂಗಿ ಎಳೆದಳು.

"ಕೆಳಗೆ ಹೋಗ್ಬೇಕು ಮಗ. ಪಾಯಿಖಾನೆಗೆ."

"ಸ್ವಲ್ಪ ತಡೀರಿ ಅಜ್ಜಿ. ಹುಡುಗ್ರು ಊಟಕ್ಕೆ ಕೂತಿದಾರೆ."

ಅವಳು ತಡೆದಳು. ಹಲ್ಲು ಕಚ್ಚಿದಳು. ಮೊಂಡುಗಳನ್ನು ಒಂದಕ್ಕೊಂದು ಒತ್ತಿದಳು. ಇಸಿಕೇಲಿಯ ಸರದಿ ಬಂತು. ಅವನು ಪಕ್ಕದಿಂದ ಏಳುವಾಗ ಅವನ ಕೈ ಹಿಡಿದುಕೊಂಡಳು.

"ಇಸಿಕೇಲಿ, ನನ್ನನ್ನ ಇಳಿಸು. ಅರ್ಜೆಂಟು."

"ಈಗ್ಲಾ? ನೇಯ್, ಭಾಷಣ ಮುಗೀಲಿ." ಅವಳ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದ. ನಕ್ಕ. ಹೋದ.

ಆ ಭಾಷಣ ಅವಳ ಕಿವಿಗೆ ಬೀಳಲಿಲ್ಲ. ಬೆವರು ಮಾತ್ರ ಬೆನ್ನ ಮೇಲೆ ಇಳಿಯುತ್ತಿತ್ತು. ತನ್ನ ಹೆಸರು ಕೇಳಿದಾಗ ತಲೆಯೆತ್ತಿದಳು. ಇಸಿಕೇಲಿ ಮೈಕು ಹಿಡಿದು ಅವಳ ಕಡೆ ಬರುತ್ತಿದ್ದ. "ಈಗ ನಮ್ಮ ನೇಯ್ ಎರಡು ಮಾತು ಹೇಳ್ತಾರೆ. ನಮ್ಮನ್ನ ಹರಸ್ತಾರೆ."

ಮೈಕು ಅವಳ ಕೈಯಲ್ಲಿ ಬಿಸಿಯಾಗಿತ್ತು.

"ನನಗೆ ಉಚ್ಚೆ ಬಂದಿದೆ," ಅಂದಳು ಅಲುಮಿತಾ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ನಗಬೇಡಿ. ನಿಮಗೂ ಬರುತ್ತೆ. ನೀವು ಎದ್ದು ಹೋಗ್ತೀರಿ. ನಾನು ಆಗ್ಲೇ ಕೇಳ್ದೆ. ತಡೀರಿ ಅಂದ್ರು. ಮತ್ತೆ ಕೇಳ್ದೆ. ಭಾಷಣ ಮುಗೀಲಿ ಅಂದ. ಇವನು ಹೇಳ್ತಾನೆ ನಸೀಲಿಗೆ ಹೆಗಲು ಇದೆ ಅಂತ. ಎಲ್ಲಪ್ಪಾ ಹೆಗಲು? ಹಂದಿ ತಿನ್ನೋಕೆ ಹೋಗಿದೆ."

ಈಗ ಯಾರೂ ನಗಲಿಲ್ಲ.

"ಇಸಿಕೇಲಿ, ನಿನ್ನ ಹೆಗಲು ನಿನಗೆ ಬೇಕಾದಾಗ ಬರುತ್ತೆ. ನನಗೆ ಬೇಕಾದಾಗ ಬರಲ್ಲ. ನಿನಗೆ ಫೋಟೋ ಬೇಕಿತ್ತು, ಎತ್ತಿದ್ರಿ. ಮೆಟ್ಟಿಲು ಇಲ್ಲದ ದಾರಿ, ಪಾಯಿಖಾನೆ ಇದ್ದಿದ್ರೆ ನಾನು ಯಾರ ಕುತ್ತಿಗೆಗೂ ಜೋತು ಬೀಳ್ತಿರ್ಲಿಲ್ಲ. ಇಷ್ಟು ವರ್ಷ ಮಾರ್ಕೆಟ್ಟಿನಲ್ಲಿ ನೀರು ಕುಡೀದೆ ಕೂತಿದೀನಿ. ಯಾರಿಗಾದ್ರೂ ಗೊತ್ತಾ?"

ಇಸಿಕೇಲಿ ಕೈಸನ್ನೆ ಮಾಡಿದ. ಕಾರ್ಯಕರ್ತರು ಓಡಿ ಬಂದರು. ಒಬ್ಬ ಮೈಕು ಕಿತ್ತುಕೊಂಡ. ಮತ್ತೊಬ್ಬ ಅವಳ ಕಂಕುಳಿಗೆ ಕೈ ಹಾಕಿದ.

"ಮುಟ್ಟಬೇಡ!"

ಆ ಕೂಗಿಗೆ ಮೈಕು ಬೇಕಿರಲಿಲ್ಲ. ಕೈ ಹಿಂದೆ ಸರಿಯಿತು.

ಅಲುಮಿತಾ ಕುರ್ಚಿಯ ಅಂಚಿಗೆ ಜರುಗಿ, ಅಂಗೈ ಊರಿ, ನೆಲಕ್ಕೆ ಇಳಿದಳು. ಅಂಡು ಎತ್ತಿ ಇಡುತ್ತ, ಕೈಯಲ್ಲಿ ನೆಲ ತಳ್ಳುತ್ತ ಹೊರಟಳು. ವೇದಿಕೆ ಇಳಿದಳು. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಮೆಟ್ಟಿಲ ಹತ್ತಿರ ಬಂದಳು. ಒಂದು ಮೆಟ್ಟಿಲಿಂದ ಮತ್ತೊಂದಕ್ಕೆ ಧಪ್ ಎಂದು ಬಿದ್ದಳು. ಪ್ರತಿ ಸಲವೂ ಬೆನ್ನುಹುರಿಯಿಂದ ತಲೆಗೆ ನೋವು ಹೊಡೆಯಿತು. ಅರ್ಧ ದಾರಿಯಲ್ಲಿ ತಡೆಯಲಾಗಲಿಲ್ಲ. ಬಿಸಿ ಉಚ್ಚೆ ಅಂಗಿಯನ್ನು ತೋಯಿಸಿ ಹೊಳೆಯುವ ಟೈಲ್ಸಿನ ಮೇಲೆ ಹರಿದು, ಅವಳಿಗಿಂತ ಮೊದಲು ಕೆಳಗೆ ಇಳಿಯಿತು.

ಅವಳು ಅತ್ತಳು. ಆದರೆ ನಿಲ್ಲಲಿಲ್ಲ. ಮುಖ ಮುಚ್ಚಿಕೊಳ್ಳಲಿಲ್ಲ.

ರಾಮರತಿ ಕೆಳಗಿನಿಂದ ಓಡಿ ಬಂದಿದ್ದಳು. ಕೈ ಚಾಚಿ, ತಡೆದು ನಿಂತಳು. "ಏನು ಮಾಡ್ಲಿ ಬಹಿನಿ? ನೀನೇ ಹೇಳು."

"ಗಾಡಿ ಬ್ರೇಕ್ ಹಾಕಿ ಹಿಡಿ."

ರಾಮರತಿ ಹಿಡಿದಳು. ಅಲುಮಿತಾ ತಾನೇ ಏರಿ ಕೂತಳು.

ಸಂಜೆಯೊಳಗೆ ಅದರ ವೀಡಿಯೊ ದ್ವೀಪದ ಎಲ್ಲರ ಫೋನಿನಲ್ಲೂ ಓಡಾಡಿತು. ಕೆಲವರು ಥೂ ಎಂದರು, ಹೆಂಗಸಿಗೆ ನಾಚಿಕೆ ಬೇಡವಾ ಎಂದರು. ಕೆಲವರು ಇಸಿಕೇಲಿಗೆ ಥೂ ಎಂದರು. ಕುರುಡ ಮೇಷ್ಟ್ರು ರಾಮರತಿಯ ಫೋನಿಗೆ ಕರೆ ಮಾಡಿ, ಅಲುಮಿತಾ ನೀರು ಕುಡಿದಳಾ ಎಂದಷ್ಟೇ ಕೇಳಿದ.

ಭಾನುವಾರ ಚರ್ಚು ಮುಗಿದ ಮೇಲೆ ಇಸಿಕೇಲಿ ಫಿಲಿಮೋನಿಯ ಮನೆಗೆ ಬಂದ. ಒಬ್ಬನೇ ಅಲ್ಲ. ಹಿರಿಯರೊಂದಿಗೆ, ತಂಬುವಾ ಹಿಡಿದು ಬಂದ. ತಂಬುವಾ ಎಂದರೆ ತಿಮಿಂಗಿಲದ ಹಲ್ಲು. ತಪ್ಪೊಪ್ಪಿ ಅದನ್ನು ಮುಂದಿಟ್ಟರೆ ಕೊಲೆಯಾಗಿದ್ದರೂ ಮುಗಿಯಿತು ಎನ್ನುತ್ತಾರೆ. ಕೈಗೆ ತೆಗೆದುಕೊಂಡ ಮೇಲೆ ಆ ಮಾತನ್ನು ಯಾರೂ, ಎಂದೂ, ಎಲ್ಲೂ ಎತ್ತುವಂತಿಲ್ಲ. ಬೇಡ ಎಂದವರನ್ನು ಊರು ಕಂಡಿಲ್ಲ.

ಎಲ್ಲರೂ ಚಾಪೆಯ ಮೇಲೆ ಕೂತರು. ಆ ಮನೆಯಲ್ಲಿ ಕುರ್ಚಿಯಿಲ್ಲ. ಅಲ್ಲಿ ಅಲುಮಿತಾ ಯಾರಿಗಿಂತಲೂ ಗಿಡ್ಡವಳಲ್ಲ.

ಹಿರಿಯನೊಬ್ಬ ತಂಬುವಾ ಎತ್ತಿ ಹಿಡಿದು, ತಲೆ ತಗ್ಗಿಸಿ, ಕ್ಷಮೆಯ ಮಾತುಗಳನ್ನು ಹೇಳಿದ. ಇಸಿಕೇಲಿ ಅಳುತ್ತಿದ್ದ. ಅದು ನಾಟಕವಲ್ಲ. ಚಿಕ್ಕವನಿದ್ದಾಗ ಅವಳ ಮಡಿಲಲ್ಲಿ ಕೂತು ತೆಂಗಿನ ಹಾಲಿನಲ್ಲಿ ಬೇಯಿಸಿದ ಮರುವಾಯಿ ತಿಂದವನು.

"ಪ್ರೀತಿಯಿಂದ ಮಾಡ್ದೆ ನೇಯ್," ಅಂದ.

ಫಿಲಿಮೋನಿ ತಂಬುವಾಕ್ಕೆ ಕೈ ಚಾಚಿದ.

"ಅಣ್ಣ, ಕೈ ಹಿಂದೆ ತಗೋ," ಅಂದಳು ಅಲುಮಿತಾ.

ಹಿರಿಯರ ಮುಂದೆ ತಂಗಿ ಅಣ್ಣನಿಗೆ ಎದುರಾಡುವ ಪದ್ಧತಿ ಅಲ್ಲಿಲ್ಲ.

"ಇದು ನನ್ನದೂ ಇವನದೂ ಜಗಳ ಅಲ್ಲ. ಮನೆಯೊಳಗೆ ಹೂಳೋಕೆ ಆಗಲ್ಲ. ನಾನಿದನ್ನ ತಗೊಂಡ್ರೆ ಬಾಯಿ ಮುಚ್ಚಬೇಕು. ಮೆಟ್ಟಿಲು ಮಾತ್ರ ಅಲ್ಲೇ ಇರುತ್ತೆ."

"ನಾನು ಗೆದ್ದ ಮೇಲೆ ನೋಡೋಣ ನೇಯ್..."

"ನನ್ನನ್ನ ಎತ್ತಿದ್ದು ಊರ ಮುಂದೆ. ತಪ್ಪಾಯ್ತು ಅಂತ ಹೇಳೋದೂ ಊರ ಮುಂದೆ ಆಗ್ಲಿ. ರ‍್ಯಾಂಪ್ ಬೇಡ ಅಂದಿದ್ದು ತಪ್ಪು ಅನ್ನು. ರಾಶಿ ಹಾಕೋ ಹೆಂಗಸರಿಗೆ ಕೆಳಗೆ ಜಾಗ ಅನ್ನು. ಪಾಯಿಖಾನೆ ಮೆಟ್ಟಿಲು ಒಡೆಸು. ಆಮೇಲೆ ತಂಬುವಾ ತಗೊಂಡು ಬಾ. ಎರಡು ಕೈಯಲ್ಲೂ ತಗೋತೀನಿ. ಪ್ರೀತಿ ಇದೆ ಅಂತ ಗೊತ್ತಪ್ಪ. ಪ್ರೀತಿ ಇದೆ ಅಂತ್ಲೇ ಇಷ್ಟು ವರ್ಷ ಉಚ್ಚೆ ಕಟ್ಕೊಂಡು ಕೂತಿದ್ದು."

ಹಿರಿಯನ ಕೈ ತಂಬುವಾವನ್ನು ಇನ್ನೂ ಎತ್ತಿ ಹಿಡಿದೇ ಇತ್ತು. ಇಳಿಸಲೋ ಬೇಡವೋ ಅವನಿಗೆ ಗೊತ್ತಾಗಲಿಲ್ಲ. ಆ ಕೈ ಖಾಲಿಯಾಗದೆ ವಾಪಸಾದದ್ದನ್ನು ಅಲ್ಲಿದ್ದವರು ಯಾರೂ ಹಿಂದೆ ನೋಡಿರಲಿಲ್ಲ.

ಅವರು ಹೋದ ಮೇಲೆ ಫಿಲಿಮೋನಿ ಗೋಡೆ ನೋಡುತ್ತ ಹೇಳಿದ: "ಈ ಮನೆಗೆ ಬಂದ ತಂಬುವಾನ ವಾಪಸ್ ಕಳಿಸ್ದೆ. ಇನ್ನು ಈ ಮನೇಲಿ ನಿನಗೆ ಚಾಪೆ ಇಲ್ಲ."

ಅಲುಮಿತಾ ಬಟ್ಟೆ ಗಂಟು ಕಟ್ಟಿದಳು. ಹುಟ್ಟಿದ ಮನೆ ಅದು. ರಾಮರತಿ ಬಂದು ಗಂಟು ಎತ್ತಿಕೊಂಡಳು. "ನಮ್ಮನೇಲಿ ಹೊಸ್ತಿಲು ಇತ್ತು ಕಣೇ. ಹೀಗೇ ಆಗುತ್ತೆ ಅಂತ ಮಗನಿಗೆ ಬೆಳಿಗ್ಗೆನೇ ಹೇಳಿ ಕೀಳಿಸ್ದೆ. ಸೊಸೆ ಬೈತಿದಾಳೆ, ನಡಿ."

ಆ ವಾರ ಮತದಾನವಾಯಿತು, ಇಸಿಕೇಲಿ ಗೆದ್ದ. ತೀರ ಕಡಿಮೆ ಮತಗಳಿಂದ, ಆದರೂ ಗೆದ್ದ.

ಅದರ ಮುಂದಿನ ಸೋಮವಾರ ಬೆಳಿಗ್ಗೆ ಚಪ್ಪರದ ತಗಡು ಕಿತ್ತಿದ್ದರು. ಹೆಂಗಸರು ಬುಟ್ಟಿ ಹೊತ್ತು ಹೊಸ ಮಾರ್ಕೆಟ್ಟಿಗೆ ಬಂದರು. ಮೆಟ್ಟಿಲ ಬುಡದಲ್ಲಿ, ಸರಿಯಾಗಿ ನಡುವೆ, ಗಾಲಿಕುರ್ಚಿ ನಿಂತಿತ್ತು. ಅಲುಮಿತಾ ಗೋಣಿ ಹಾಸಿ ಮರುವಾಯಿ ರಾಶಿ ಹಾಕಿದ್ದಳು. ಪಕ್ಕದಲ್ಲಿ ರಾಮರತಿಯ ಬದನೆ.

ಏಡಿ ಮಾರುವವಳು ಮೆಟ್ಟಿಲು ನೋಡಿದಳು. ಅಲುಮಿತಾಳನ್ನು ನೋಡಿದಳು. ಬುಟ್ಟಿ ಇಳಿಸಿ ಅಲ್ಲೇ ಕೂತಳು. ಮರಗೆಣಸಿನವಳು ಕೂತಳು. ಬಸುರಿಯೊಬ್ಬಳು ತೆಂಗಿನಕಾಯಿ ಚೀಲ ಎಳೆದು ತಂದು, ಉಸ್ಸೆಂದು ಕೂತಳು. ನೋಡನೋಡುತ್ತ ಮೆಟ್ಟಿಲ ಮುಂದಿನ ಅಂಗಳ ತುಂಬಿತು. ಮೇಲೆ ಒಬ್ಬರೂ ಹೋಗಲಿಲ್ಲ.

ಪುರಸಭೆಯ ಇನ್ಸ್‌ಪೆಕ್ಟರ್ ಬಂದ. ಕೂಗಾಡಿದ. ಯಾರೂ ಏಳಲಿಲ್ಲ. ಇಸಿಕೇಲಿಗೆ ಫೋನು ಮಾಡಿದ. ಇಸಿಕೇಲಿ ಬಂದು ಹೆಂಗಸರ ನಡುವೆ ದಾರಿ ಮಾಡಿಕೊಂಡು, ಎಲ್ಲರಿಗೂ ಕಾಣಲೆಂದು ಮೆಟ್ಟಿಲ ಮೇಲೆ ನಿಂತ. ಹಿಂದೆ ಆ ನಾಲ್ವರಲ್ಲಿ ಇಬ್ಬರಿದ್ದರು.

"ಆಯ್ತು," ಅಂದ. "ನಮ್ಮ ನೇಯ್ ಕೆಳಗೇ ಇರ್ಲಿ. ಅವರಿಗೆ ನಾನೇ ಜಾಗ ಕೊಡಿಸ್ತೀನಿ. ಉಳಿದವ್ರು ಮೇಲೆ ಹೋಗಿ."

"ನನಗೊಬ್ಬಳಿಗೆ ಬೇಡ," ಅಂದಳು ಅಲುಮಿತಾ.

"ನನ್ನ ಮೊಣಕಾಲು ನಿನ್ನ ನೆಂಟ ಅಲ್ವೇನೋ?" ರಾಮರತಿ ಕೇಳಿದಳು. ಹೆಂಗಸರು ಗೊಳ್ಳೆಂದರು.

"ಸರ್, ಪೊಲೀಸರು ಬರೋವರೆಗೆ ಕಾಯೋದ್ಯಾಕೆ?" ಇನ್ಸ್‌ಪೆಕ್ಟರ್ ಮುಖ ಕೆಂಪಾಗಿತ್ತು. "ಈ ಹೆಂಗಸನ್ನ ಎತ್ತಿ ಆಚೆ ಇಟ್ರೆ ಉಳಿದವ್ರು ತಾವೇ ಏಳ್ತಾರೆ. ಏಯ್, ನೀವಿಬ್ರು, ಎತ್ತಿ ಅವಳನ್ನ!"

ನಗು ನಿಂತಿತು. ಬಸುರಿ ತೆಂಗಿನಕಾಯಿ ಚೀಲದ ಮೇಲೆ ಕೈಯಿಟ್ಟಳು. ಫೋನುಗಳು ಮೇಲೆದ್ದವು. ಅಲುಮಿತಾ ಎರಡೂ ಚಕ್ರಗಳನ್ನು ಹಿಡಿದುಕೊಂಡಳು.

"ಎತ್ತಿ," ಅಂದಳು.

ಆ ಇಬ್ಬರಲ್ಲಿ ಒಬ್ಬ ನೆಲ ನೋಡಿದ. ಇನ್ನೊಬ್ಬ ಇಸಿಕೇಲಿಯನ್ನು ನೋಡಿದ. ಇಸಿಕೇಲಿ ಮೇಲೆದ್ದ ಫೋನುಗಳನ್ನು ನೋಡಿದ.

ಆಗ ಬೀದಿಯ ಕಡೆಯಿಂದ ಒಬ್ಬ ಮುದುಕಿ ಚೀಲ ಹಿಡಿದು ಬಂದು, ನಡೆಯುತ್ತಿರುವುದೇನೆಂದು ತಿಳಿಯದೆ, ರಾಶಿಗೆ ಬಗ್ಗಿದಳು. "ಇವತ್ತಿನ ಮರುವಾಯಿನಾ ಇದು?"

"ಇವತ್ತಿಂದೇ ತಾಯಿ. ಕೆಸರು ಇನ್ನೂ ಆರಿಲ್ಲ, ಮುಟ್ಟಿ ನೋಡಿ." ಅಲುಮಿತಾ ರಾಶಿಯನ್ನು ಅವಳ ಕಡೆ ಸರಿಸಿದಳು. ಆಮೇಲೆ ತಲೆಯೆತ್ತಿ ಮೆಟ್ಟಿಲ ಕಡೆ ನೋಡಿದಳು.

"ಇಸಿಕೇಲಿ, ಅಷ್ಟು ಎತ್ತರದಲ್ಲಿ ನಿಂತ್ರೆ ನಿನ್ನ ಮಾತು ಇಲ್ಲಿಗೆ ಕೇಳಲ್ಲ. ಇಳಿದು ಬಾ."

ಇಸಿಕೇಲಿ ಇಳಿದ.